ಕೆರೆಯ ದಡದ ರಾಜಧಾನಿ: ಹಳೇಬೀಡನ್ನು ನೀರಿನ ಕಡೆಯಿಂದ ನೋಡುವ ಬಗೆ

ಹಾಸನ ಜಿಲ್ಲೆಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬೇಲೂರು ಮತ್ತು ಹಳೇಬೀಡುಗಳೆರಡನ್ನೂ ಒಂದೇ ಹಗಲಿನಲ್ಲಿ ಮುಗಿಸಿ, ಸಂಜೆಯ ಹೊತ್ತಿಗೆ ಚಿಕ್ಕಮಗಳೂರಿನ ಯಾವುದಾದರೂ ಹೋಂಸ್ಟೇ ಸೇರಿಕೊಳ್ಳುತ್ತಾರೆ. ಹಳೇಬೀಡಿನ ಪಾಲಿಗೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ವಾಹನದಿಂದ ಇಳಿದು, ಚಪ್ಪಲಿ ಬಿಟ್ಟು, ಗುಡಿಗೆ ಒಂದು ಸುತ್ತು ಹಾಕಿ, ಎಳನೀರು ಕುಡಿದು ಹೊರಟುಬಿಡುವ ಅವರಿಗೆ ಪಕ್ಕದಲ್ಲಿಯೇ ಒಂದು ದೊಡ್ಡ ಕೆರೆಯಿದೆ ಎಂಬುದು ಗಮನಕ್ಕೆ ಬರುವುದೇ ಇಲ್ಲ. ಆದರೆ ಆ ಊರು ಇದ್ದದ್ದೇ ಆ ಕೆರೆಯಿಂದ. ಹೊಯ್ಸಳರ ಕಾಲದಲ್ಲಿ ರಾಜಧಾನಿಯ ಹೆಸರು ದೋರಸಮುದ್ರ. ದ್ವಾರಸಮುದ್ರ ಎಂಬುದು ಅದರದೇ ಸಂಸ್ಕೃತ ರೂಪ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಕಡೆಯ ಹಳೆಯ ರೂಢಿ, ಬೇಲೂರಿನಲ್ಲಿಯೂ ಒಂದು ವಿಷ್ಣುಸಮುದ್ರವಿದೆ. ಕಡಲಿನಿಂದ ಇಷ್ಟು ದೂರದ ಬಯಲಿನಲ್ಲಿ ನೀರಿನ ದಂಡೆಯ ಮೇಲೆ ಕಟ್ಟಿದ ಒಂದು ರಾಜಧಾನಿಯನ್ನು ನೋಡುತ್ತಿದ್ದೇವೆ ಎಂಬ ಅರಿವಿನಿಂದ ಬಂದರೆ ಹಳೇಬೀಡು ಬೇರೆಯೇ ಊರಾಗಿ ಕಾಣುತ್ತದೆ. ಹಾಗೆ ನೋಡಬಯಸುವವರು ಮೂರು ದಿನಗಳನ್ನು ಹೇಗೆ ಹೊಂದಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ತಂಗುವುದಕ್ಕೆ ಹಾಸನ ಅನುಕೂಲವಾದ ಊರು. ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 185 ಕಿಲೋಮೀಟರ್ ದೂರ. ಶ್ರವಣಬೆಳಗೊಳದ ಮೂಲಕ ಬರುವ ನೇರ ರೈಲು ಮಾರ್ಗ 2017ರಿಂದ ಇದೆ. ಹಾಸನದಿಂದ ಹಳೇಬೀಡಿಗೆ ಸುಮಾರು 30, ಬೇಲೂರಿಗೆ ಸುಮಾರು 40 ಕಿಲೋಮೀಟರ್, ಅವೆರಡರ ನಡುವೆ 16 ಕಿಲೋಮೀಟರ್. ಸರ್ಕಾರಿ ಬಸ್ಸುಗಳಿಗೆ ಬರವಿಲ್ಲ. ಆದರೂ ಮೊದಲ ರಾತ್ರಿಯನ್ನು ಹಳೇಬೀಡಿನಲ್ಲಿಯೇ ಕಳೆಯಿರಿ ಎಂಬುದು ನನ್ನ ಸಲಹೆ, ಏಕೆಂದರೆ ಈ ಊರಿನ ಒಳ್ಳೆಯ ಹೊತ್ತು ಪ್ರವಾಸಿ ಬಸ್ಸುಗಳು ಬರುವುದಕ್ಕೆ ಮೊದಲೇ ಕಳೆದುಹೋಗುತ್ತದೆ. ದೇವಸ್ಥಾನದ ಎದುರಿಗೇ ಪ್ರವಾಸೋದ್ಯಮ ನಿಗಮದ ಮಯೂರ ಶಾಂತಲಾ ಇದೆ. ಕೊಠಡಿಗಳು ಕೆಲವೇ ಇರುವುದರಿಂದ ಮುಂಚಿತವಾಗಿ ಕಾಯ್ದಿರಿಸುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆಯೆಂದರೆ, ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ದಿನಗಳಲ್ಲಿ ಹಾಸನದಲ್ಲಿ ಒಂದು ಕೊಠಡಿಯೂ ಸಿಗುವುದಿಲ್ಲ. ದೇವಿಯ ದರ್ಶನಕ್ಕೇ ಬರುವವರ ಮಾತು ಬೇರೆ, ಉಳಿದವರು ಆ ವಾರವನ್ನು ಬಿಟ್ಟು ಬರಬೇಕು.

ಮೊದಲ ದಿನ ಬೆಳಗಿನ ಆರೂವರೆಗೆ ಕೆರೆಯ ಏರಿಯ ಮೇಲಿರುವಂತೆ ನೋಡಿಕೊಳ್ಳಿ. ದಾರಿ ತಿಳಿಯದಿದ್ದರೆ ಯಾರನ್ನಾದರೂ "ಕೆರೆ ಏರಿ ಎಲ್ಲಿ?" ಎಂದು ಕೇಳಿದರೆ ಸಾಕು, ಕೈ ತೋರಿಸುತ್ತಾರೆ. ಮಳೆಗಾಲ ಮುಗಿದು ಚಳಿ ಹತ್ತುವ ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ನೀರಿನ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿರುತ್ತದೆ. ಬಿಸಿಲು ಬಿದ್ದಂತೆ ಅದು ದಡದ ಕಡೆಯಿಂದ ಕರಗುತ್ತ ಹೋಗಿ, ಮೊದಲು ಬೆಳ್ಳಕ್ಕಿಗಳು, ಆಮೇಲೆ ನೀರುಕಾಗೆಗಳು, ಕಡೆಗೆ ನಡುಗೆರೆಯ ನಾಮಗೋಳಿಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಏರಿಯ ಮೇಲೆ ನಡೆಯುವಾಗ ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಗದ್ದೆ, ತೋಟ. ತೂಬು ಎಲ್ಲಿದೆ, ಕೋಡಿ ಯಾವ ಕಡೆಗಿದೆ ಎಂಬುದನ್ನು ವಿಚಾರಿಸಿ ನೋಡಿ. ನೀರನ್ನು ಹಿಡಿದಿಡುವ ಏರಿ, ಅದನ್ನು ಅಳೆದು ಬಿಡುವ ತೂಬು, ಹೆಚ್ಚಾದುದನ್ನು ಹರಿಯಗೊಡುವ ಕೋಡಿ ಈ ಮೂರನ್ನೂ ಕಂಡವರಿಗೆ, ಒಂದು ರಾಜಧಾನಿಯ ಜನ, ಆನೆ, ಕುದುರೆಗಳಿಗೆಲ್ಲ ಇಲ್ಲಿ ನೀರು ಹೇಗೆ ಒದಗಿತು ಎಂಬ ಪ್ರಶ್ನೆಗೆ ಉತ್ತರ ಕಣ್ಣೆದುರಿಗೇ ಸಿಗುತ್ತದೆ.

ಕೆರೆ ಪ್ರತಿ ವರ್ಷವೂ ತುಂಬಿರುತ್ತದೆ ಎಂದು ತಿಳಿಯಬಾರದು. ಹಳೇಬೀಡು ಮಲೆನಾಡಿನ ಅಂಚಿನ ಬಯಲುಸೀಮೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆಯಂಗಳದಲ್ಲಿ ದನ ಮೇಯುವುದನ್ನೂ ನಾನು ಕಂಡಿದ್ದೇನೆ. ಯಗಚಿ ಹೊಳೆಯ ನೀರನ್ನು ರಣಘಟ್ಟದ ಕಡೆಯಿಂದ ತಂದು ಈ ಕೆರೆಯನ್ನು ತುಂಬಿಸಬೇಕೆಂದು ಸುತ್ತಲಿನ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ಹೊಯ್ಸಳರ ಕಾಲದಲ್ಲಿಯೂ ನೀರು ಅದೇ ದಾರಿಯಲ್ಲಿ ಬರುತ್ತಿತ್ತು ಎಂದು ಊರಿನ ಹಿರಿಯರು ಹೇಳುತ್ತಾರೆ. ಏರಿಯ ಮೇಲೆ ಸಿಕ್ಕವರನ್ನು ಈ ವಿಷಯ ಕೇಳಿದರೆ ಅರ್ಧ ಗಂಟೆ ನಿಂತು ಮಾತನಾಡುತ್ತಾರೆ, ಕೇಳಿಸಿಕೊಳ್ಳುವಷ್ಟು ಪುರುಸೊತ್ತು ನಿಮಗಿರಬೇಕು.

ಏರಿಯಿಂದ ನೇರವಾಗಿ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಬನ್ನಿ. ಅರಸ ವಿಷ್ಣುವರ್ಧನನ ಕಾಲದಲ್ಲಿ, ಅವನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಲ್ಲಿ 1121ರ ಸುಮಾರಿಗೆ ಆರಂಭವಾದ ಕಟ್ಟಡವಿದು. ಅಕ್ಕಪಕ್ಕದಲ್ಲಿ ಎರಡು ಗರ್ಭಗುಡಿಗಳಿದ್ದು, ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಎರಡೂ ಪೂರ್ವಕ್ಕೆ ಮುಖಮಾಡಿ, ಎದುರಿಗೆ ಒಂದೊಂದು ನಂದಿ ಮಂಟಪವನ್ನು ಹೊಂದಿವೆ. ಬೆಳಗಿನ ಬಿಸಿಲು ಬೀಳುವುದು ಈ ಮುಂಭಾಗಕ್ಕೆ. ಶಿಲ್ಪಗಳಲ್ಲಿ ಬಹುಪಾಲು ಇರುವ ಹಿಂಬದಿಯ ಪಡುವಣ ಗೋಡೆ ಬೆಳಿಗ್ಗೆ ನೆರಳಿನಲ್ಲಿರುತ್ತದೆ. ಆದುದರಿಂದ ಬೆಳಿಗ್ಗೆ ನಂದಿಗಳನ್ನು, ಬಾಗಿಲುಗಳನ್ನು, ಒಳಗಿನ ಕಡೆದ ಕಂಬಗಳನ್ನು ನೋಡಿ, ಪಡುವಣ ಗೋಡೆಯನ್ನು ಮಧ್ಯಾಹ್ನ ಮೂರೂವರೆಯ ಮೇಲಕ್ಕೆ ಉಳಿಸಿಕೊಳ್ಳುವುದು ಜಾಣತನ. ಓರೆಯಾಗಿ ಬೀಳುವ ಆ ಬಿಸಿಲಿನಲ್ಲಿ ಬಳಪದ ಕಲ್ಲಿನ ಪ್ರತಿಯೊಂದು ಗೆರೆಯೂ ಎದ್ದು ನಿಲ್ಲುತ್ತದೆ. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಇದಾದ್ದರಿಂದಲೇ ಶಿಲ್ಪಿಗಳಿಗೆ ಕಾಲ್ಗೆಜ್ಜೆಯ ಗುಂಡುಗಳನ್ನೂ ಬಿಡಿಬಿಡಿಯಾಗಿ ಕೆತ್ತಲು ಸಾಧ್ಯವಾಯಿತು.

ಗೋಡೆಯ ಕೆಳಗಿನ ಪಟ್ಟಿಕೆಗಳನ್ನು ಅವಸರದಲ್ಲಿ ನೋಡಬಾರದು. ಒಂದು ಕಡೆ ಕುಳಿತು ಬುಡದಿಂದ ಮೇಲಕ್ಕೆ ಓದುತ್ತ ಹೋಗಿ: ಮೊದಲು ಸಾಲು ಆನೆಗಳು, ಅವುಗಳ ಮೇಲೆ ಸಿಂಹಗಳು, ಒಂದು ಬಳ್ಳಿ, ಓಡುವ ಕುದುರೆಗಳು, ಮತ್ತೊಂದು ಬಳ್ಳಿ, ರಾಮಾಯಣ ಮಹಾಭಾರತಗಳ ಕಥೆ, ಅದರ ಮೇಲೆ ಮಕರಗಳು, ಎಲ್ಲಕ್ಕಿಂತ ಮೇಲೆ ಹಂಸಗಳು. ಈ ಕಡೆಯ ಎರಡು ಸಾಲುಗಳೆದುರು ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಮಕರಕ್ಕೆ ಆನೆಯಂತೆ ಸುರುಳಿ ಸುತ್ತಿದ ಸೊಂಡಿಲು, ಹಂದಿಯಂತೆ ದುಂಡನೆಯ ಮೈ, ಹಿಂದೆ ಬಳ್ಳಿಯಾಗಿ ಹಬ್ಬಿದ ಬಾಲ. ಅದರ ಮೇಲಿನ ಹಂಸಗಳಲ್ಲಿ ಒಂದು ಮುಂದೆ ನೋಡಿದರೆ ಇನ್ನೊಂದು ಕೊರಳು ತಿರುಗಿಸಿ ತನ್ನ ಬೆನ್ನನ್ನು ಕೊಕ್ಕಿನಿಂದ ಒಪ್ಪ ಮಾಡಿಕೊಳ್ಳುತ್ತದೆ. ಮಕರವೂ ಹಂಸವೂ ನೀರಿನವು. ಬೆಳಿಗ್ಗೆ ಏರಿಯ ಮೇಲೆ ನಿಂತು ಹಕ್ಕಿಗಳನ್ನು ನೋಡಿ ಬಂದವರಿಗೆ ಆ ಕೊರಳಿನ ತಿರುವು ಕೂಡಲೇ ಗುರುತು ಹತ್ತುತ್ತದೆ.

ದೇವಸ್ಥಾನದ ದಕ್ಷಿಣಕ್ಕಿರುವ ಗರುಡಗಂಬವನ್ನು ಬಹಳ ಜನ ದಾಟಿಹೋಗುತ್ತಾರೆ. ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ಗರುಡನಾಗಿದ್ದ, ಎಂದರೆ ಅರಸನೊಡನೆಯೇ ಸಾಯುವ ಪಣ ತೊಟ್ಟ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮನು ತನ್ನ ಹೆಂಡತಿಯೊಡನೆ, ಪರಿವಾರದೊಡನೆ ಪ್ರಾಣ ಬಿಟ್ಟ ನೆನಪಿಗೆ ನಿಲ್ಲಿಸಿದ ಕಂಬವದು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಚಿಕ್ಕ ಚಿತ್ರಗಳು ಅದರ ಸುತ್ತ ಇವೆ. ಮಕ್ಕಳಿಗೆ ತೋರಿಸುವ ಮೊದಲು ಒಂದು ಕ್ಷಣ ಯೋಚಿಸಿ. ಆವರಣದಲ್ಲಿಯೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ; ಶುಕ್ರವಾರ ಅದಕ್ಕೆ ರಜೆ.

ನಡುಹಗಲಿನಲ್ಲಿ ಕಲ್ಲು ಕಾದು ಅಂಗಾಲು ಸುಡುತ್ತದೆ, ಆದ್ದರಿಂದ ಒಂದು ಜೊತೆ ದಪ್ಪ ಕಾಲುಚೀಲ ಜೊತೆಗಿರಲಿ. ಆ ಹೊತ್ತಿಗೆ ನಡೆದೇ ಹೋಗಬಹುದಾದ ಬಸದಿಹಳ್ಳಿಗೆ ಹೋಗುವುದು ಮೇಲು. ಅಲ್ಲಿಯ ಮೂರು ಬಸದಿಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದಾಗ ಅವನಿಗೆ ಯುದ್ಧದಲ್ಲಿ ಗೆಲುವೂ ಆಗಿತ್ತು, ಮಗನೂ ಹುಟ್ಟಿದ್ದನು. ಅದಕ್ಕಾಗಿ ದೇವರಿಗೆ ವಿಜಯ ಪಾರ್ಶ್ವನೆಂದೂ ಮಗನಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ನವರಂಗದ, ಎಂದರೆ ಒಳಮಂಟಪದ, ಕಂಬಗಳಿಗೆ ಕೊಟ್ಟಿರುವ ಹೊಳಪು ಒಂಬತ್ತು ಶತಮಾನಗಳ ಅನಂತರವೂ ಹಾಗೆಯೇ ಇದೆ: ಎದುರು ನಿಂತರೆ ನಿಮ್ಮ ಮುಖ ಕಪ್ಪು ನೀರಿನಲ್ಲಿ ಕಂಡಂತೆ ಕಾಣುತ್ತದೆ. ಕೈಯಿಂದ ಮುಟ್ಟದೆ ನೋಡಿ, ಬೆವರಿನ ಬೆರಳುಗಳು ಆ ಹೊಳಪಿಗೆ ಒಳ್ಳೆಯದಲ್ಲ. ಅಲ್ಲಿಂದ ಮುಂದೆ ಕೇದಾರೇಶ್ವರ ದೇವಸ್ಥಾನ. ಚಿಕ್ಕದು, ಜನ ಕಡಿಮೆ, ಬುತ್ತಿ ಬಿಚ್ಚುವುದಕ್ಕೆ ಆವರಣದ ಹೊರಗೆ ನೆರಳೂ ಇದೆ.

ಊರಿನಿಂದ ಸ್ವಲ್ಪ ದೂರದಲ್ಲಿರುವ ಹುಲಿಕೆರೆಯ ಕಲ್ಯಾಣಿಯನ್ನು ಮಾತ್ರ ತಪ್ಪಿಸಬೇಡಿ. ಆಟೋದವರಿಗೆ ಹೋಗಿಬರುವ ಬಾಡಿಗೆಯನ್ನು ಮೊದಲೇ ಮಾತನಾಡಿಕೊಳ್ಳಿ. ಹಳ್ಳಿಯ ಮನೆಗಳ ನಡುವೆ ನೆಲ ಇದ್ದಕ್ಕಿದ್ದಂತೆ ಕೆಳಗಿಳಿದು, ಮೆಟ್ಟಿಲು ಮೆಟ್ಟಿಲಾಗಿ ಹಸಿರು ನೀರನ್ನು ಮುಟ್ಟುತ್ತದೆ. ಮೆಟ್ಟಿಲುಗಳ ಮೇಲೆ ಸುತ್ತಲೂ ಆಳೆತ್ತರದ ಪುಟ್ಟ ಗುಡಿಗಳು. ಹೊಯ್ಸಳೇಶ್ವರಕ್ಕೆ ಇಲ್ಲದ ಶಿಖರ ಈ ಪುಟ್ಟ ಗುಡಿಗಳಿಗೆ ಇದೆ. ಇಲ್ಲಿ ಮಾಡುವುದಕ್ಕೆ ಏನೂ ಇಲ್ಲ, ಸುಮ್ಮನೆ ಕೂರಬೇಕು. ಕೆಳಗಿನ ಮೆಟ್ಟಿಲುಗಳು ಪಾಚಿಗಟ್ಟಿರುವುದರಿಂದ ನೀರಿನ ತನಕ ಇಳಿಯದಿರುವುದು ಕ್ಷೇಮ.

ಎರಡನೆಯ ದಿನ ಬೇಲೂರಿಗೆ. ಯಗಚಿಯ ದಡದ ಈ ಊರಿನ ಬಗ್ಗೆ ಬರೆದವರು ಬಹಳ, ಹಾಗಾಗಿ ನಾನು ಚುಟುಕಾಗಿ ಹೇಳುತ್ತೇನೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ, ಮಧ್ಯಾಹ್ನ ಕೆಲಹೊತ್ತು ಗರ್ಭಗುಡಿಯ ಬಾಗಿಲು ಹಾಕಿರುತ್ತದೆ. ಆದ್ದರಿಂದ ಬೆಳಿಗ್ಗೆಯೇ ಹೋಗಿ. ಮದನಿಕೆಯರನ್ನು ನೋಡಲು ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡರೆ ಕೊಟ್ಟ ಹಣ ದಂಡವಾಗುವುದಿಲ್ಲ, ಆದರೆ ಗುರುತಿನ ಚೀಟಿ ನೋಡಿ, ಶುಲ್ಕವನ್ನು ಮೊದಲೇ ಕೇಳಿ ಒಪ್ಪಿಕೊಳ್ಳಿ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು, ಶನಿವಾರ ಭಾನುವಾರಗಳಲ್ಲಿ ಬಹಳ ಜನ ಸೇರುತ್ತಾರೆ. ಸಂಜೆಗೆ ಮಕ್ಕಳಿದ್ದವರು ಊರಿನ ಹತ್ತಿರದ ಯಗಚಿ ಜಲಾಶಯಕ್ಕೆ ಹೋಗಬಹುದು. ಅಲ್ಲಿ ದೋಣಿ ವಿಹಾರ, ಜಲಕ್ರೀಡೆಗಳ ವ್ಯವಸ್ಥೆಯಿದೆ. ನೀರಿನ ಮಟ್ಟವನ್ನು ಅವಲಂಬಿಸಿದ್ದಾದ್ದರಿಂದ ಬೇಲೂರಿನಲ್ಲಿಯೇ ವಿಚಾರಿಸಿಕೊಂಡು ಹೊರಡಿ. ತೇಲುಜಾಕೆಟ್ ಕೊಡದ ದೋಣಿಯನ್ನು ಯಾವ ಕಾರಣಕ್ಕೂ ಹತ್ತಬೇಡಿ.

ಮೂರನೆಯ ದಿನದ ನೀರು ಹೇಮಾವತಿಯದು. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯಲ್ಲಿ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಇಗರ್ಜಿಯೊಂದು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ನಿಂತಿದೆ. ಜಲಾಶಯ ತುಂಬಿದಾಗ ಅದು ಅರ್ಧ ಮುಳುಗಿ, ಕಮಾನುಗಳು ನೀರಿನ ಮೇಲೆ ತೇಲುವಂತೆ ಕಾಣುತ್ತವೆ. ನೀರಿಳಿದ ಬೇಸಿಗೆಯಲ್ಲಿ ಅದರ ಬಾಗಿಲಿನವರೆಗೂ ನಡೆದು ಹೋಗಬಹುದು. ಎರಡು ನೋಟಗಳಲ್ಲಿ ಯಾವುದು ಬೇಕೆಂಬುದನ್ನು ನೀವೇ ನಿರ್ಧರಿಸಬೇಕು. ನಿರ್ಧರಿಸುವ ಬಗೆ ಹೀಗೆ: ಹಾಸನದಲ್ಲಿ ಮಳೆ ಬಂತೇ ಎಂದು ಕೇಳಿ ಪ್ರಯೋಜನವಿಲ್ಲ, ಏಕೆಂದರೆ ಹೇಮಾವತಿಗೆ ನೀರು ಬರುವುದು ಮೂಡಿಗೆರೆ, ಸಕಲೇಶಪುರಗಳ ಮಳೆಯಿಂದ. ಮಳೆಗಾಲದಲ್ಲಿ ಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ದಿನವೂ ಪ್ರಕಟಿಸುತ್ತವೆ. ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ. ಅಂದಿನ ಅಂಕಿ ಅದರ ಹತ್ತಿರವಿದ್ದರೆ ಇಗರ್ಜಿ ಮುಳುಗಿದೆ ಎಂದೇ ತಿಳಿಯಿರಿ.

ಇಲ್ಲಿ ಒಂದು ಅನುಭವವನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ, ನೀರು ಆಗಷ್ಟೇ ಇಳಿಯುತ್ತಿದ್ದ ಕಾಲದಲ್ಲಿ ನೆಂಟರೊಡನೆ ಬಾಡಿಗೆ ಕಾರಿನಲ್ಲಿ ಹೋಗಿದ್ದೆ. ನೆಲ ಮೇಲೆ ಒಣಗಿ ಬಿರಿದಿದ್ದುದನ್ನು ನಂಬಿ ಚಾಲಕರು ಕಾರನ್ನು ಇಗರ್ಜಿಯ ಹತ್ತಿರಕ್ಕೇ ಇಳಿಸಿದರು. ಇಪ್ಪತ್ತು ಮಾರು ಹೋಗುವುದರೊಳಗೆ ಮೇಲಿನ ಹೆಕ್ಕಳೆ ಒಡೆದು, ಅಡಿಯ ಗೋಡುಮಣ್ಣಿನಲ್ಲಿ ಹಿಂದಿನ ಚಕ್ರಗಳು ಅಚ್ಚಿನವರೆಗೆ ಹೂತುಹೋದವು. ಹಳ್ಳಿಯವರು ಹೊಲದಲ್ಲಿದ್ದ ಟ್ರ್ಯಾಕ್ಟರ್ ತಂದು ಎಳೆಯುವ ಹೊತ್ತಿಗೆ ಕತ್ತಲಾಗಿತ್ತು. ಎಷ್ಟು ಹೇಳಿದರೂ ಅವರು ಡೀಸೆಲ್ಲಿನ ಹಣವನ್ನಲ್ಲದೆ ಬೇರೇನನ್ನೂ ಮುಟ್ಟಲಿಲ್ಲ. ವಾಹನವನ್ನು ಗಟ್ಟಿ ರಸ್ತೆಯ ಮೇಲೆಯೇ ನಿಲ್ಲಿಸಿ ನಡೆದು ಹೋಗಿ. ಹಿನ್ನೀರಿಗೆ ಈಜಲು ಇಳಿಯುವುದಂತೂ ಸಲ್ಲದು, ಮುಳುಗಿದ ಊರುಗಳ ಗುಂಡಿಗಳೂ ಮರದ ಬೊಡ್ಡೆಗಳೂ ನೀರಿನಡಿಯಲ್ಲಿವೆ. ಇಗರ್ಜಿಯ ಗೋಡೆಗಳು ವರ್ಷ ವರ್ಷವೂ ನೆನೆದು ಒಣಗಿ ಸಡಿಲವಾಗಿದ್ದು, ಅಲ್ಲಲ್ಲಿ ಕುಸಿದಿವೆ. ಅವುಗಳನ್ನು ಹತ್ತುವುದು, ಅವುಗಳ ಮೇಲೆ ಹೆಸರು ಕೆತ್ತುವುದು ಎರಡೂ ಬೇಡ. ಅದು ಒಂದು ಕಾಲಕ್ಕೆ ಜನ ಪ್ರಾರ್ಥನೆಗೆ ಸೇರುತ್ತಿದ್ದ, ಮದುವೆಗಳಾಗುತ್ತಿದ್ದ ಜಾಗ.

ಮಧ್ಯಾಹ್ನದ ಊಟಕ್ಕೆ ಅಲ್ಲಿ ಹೋಟೆಲು ಸಿಗುತ್ತದೆಂದು ನೆಚ್ಚಬಾರದು. ಹಾಸನದಿಂದ ಹೊರಡುವಾಗಲೇ ನಾಲ್ಕು ಅಕ್ಕಿರೊಟ್ಟಿ, ಕಾಯಿಚಟ್ನಿ ಕಟ್ಟಿಸಿಕೊಂಡರೆ ಚಿಂತೆಯಿಲ್ಲ. ಅವರೆಕಾಯಿಯ ಕಾಲದಲ್ಲಿ, ಎಂದರೆ ಡಿಸೆಂಬರ್, ಜನವರಿಯಲ್ಲಿ, ಅವರೆಕಾಳು ಸೇರಿಸಿ ತಟ್ಟಿದ ರೊಟ್ಟಿಯನ್ನೇ ಕೇಳಿ. ಕಾಗದ, ಪ್ಲಾಸ್ಟಿಕ್ಕುಗಳನ್ನು ಮರಳಿ ನಿಮ್ಮ ಚೀಲಕ್ಕೇ ಹಾಕಿಕೊಳ್ಳಿ. ಶೆಟ್ಟಿಹಳ್ಳಿಯಿಂದ ಗೊರೂರಿಗೆ ಹೋಗಿ, ಹೇಮಾವತಿಯ ದಡದ ಯೋಗಾನರಸಿಂಹನ ಗುಡಿಯನ್ನು ನೋಡಿ, ಸೋಪಾನದ ಮೇಲೆ ಹೊಳೆಯ ಕಡೆಗೆ ಮುಖಮಾಡಿ ಕುಳಿತುಕೊಳ್ಳುವಷ್ಟು ಹೊತ್ತು ಉಳಿಯುತ್ತದೆ. ಅಣೆಕಟ್ಟಿನಿಂದ ನೀರು ಬಿಡುವ ದಿನಗಳಲ್ಲಿ ಹೊಳೆ ಒಮ್ಮೆಲೇ ಏರುವುದರಿಂದ ಆಗ ಮೇಲಿನ ಮೆಟ್ಟಿಲುಗಳಲ್ಲಿಯೇ ಇರಬೇಕು. ಗೊರೂರಿನಿಂದ ಹಾಸನಕ್ಕೆ ಮರಳುವ ಸಂಜೆಯ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಬಸ್ ನಿಲ್ದಾಣದ ಅಂಗಡಿಯಲ್ಲಿ ಕೇಳಿಟ್ಟುಕೊಳ್ಳಿ.