ಬಾಡಿಗೆ ಮನೆ ಸೋರುತ್ತಿದೆಯೇ? ಜಗಳಕ್ಕೆ ಮೊದಲು ನೀರಿನ ದಾರಿ ಹುಡುಕಿ

ಕೊಡಗಿನಲ್ಲಿ ಬಾಡಿಗೆ ಮನೆಯ ರಿಪೇರಿ ತಕರಾರು ಹೆಚ್ಚಾಗಿ ಏಳುವುದು ಮಳೆ ಹಿಡಿದ ಮೇಲೆ. ಮಾಡು (ಛಾವಣಿ) ಸೋರುತ್ತದೆ, ಗೋಡೆಗೆ ಬೂಸಲು ಹತ್ತುತ್ತದೆ. ಫೋನ್ ಮಾಡಿದರೆ ಮಾಲೀಕರು ‘ಮಳೆ ನಿಲ್ಲಲಿ, ನೋಡೋಣ’ ಎನ್ನುತ್ತಾರೆ. ಆಗ ಬಾಡಿಗೆದಾರರು ಸಿಟ್ಟಿನಲ್ಲಿ ಆ ತಿಂಗಳ ಬಾಡಿಗೆ ನಿಲ್ಲಿಸಿಬಿಡುತ್ತಾರೆ. ಅಲ್ಲಿಗೆ ಸೋರುವ ಮಾಡಿನ ಮಾತು ಹಿಂದೆ ಬಿದ್ದು, ಬಾಕಿ ಬಾಡಿಗೆಯ ಮಾತು ಮುಂದೆ ಬರುತ್ತದೆ. ಆದ್ದರಿಂದ ತಕರಾರು ಎಷ್ಟೇ ದೊಡ್ಡದಿರಲಿ, ಬಾಡಿಗೆಯನ್ನು ಹೇಳಿದ ದಿನಕ್ಕೆ ಕಟ್ಟಿ. ಬ್ಯಾಂಕ್ ಮೂಲಕವೇ ಕಟ್ಟಿ, ಕೈಯಲ್ಲಿ ಕೊಡಬೇಡಿ.

ಹೆಜ್ಜೆ 1: ಕರಾರು ಪತ್ರ ತೆಗೆದು ಓದಿ

ರಿಪೇರಿ ಯಾರ ಪಾಲಿಗೆ ಎಂಬ ಸಾಲು ಇದೆಯೇ ನೋಡಿ. 11 ತಿಂಗಳ ಕರಾರುಗಳಲ್ಲಿ ‘ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು’ ಎಂದಷ್ಟೇ ಬರೆದಿರುತ್ತಾರೆ. ನಲ್ಲಿಯ ವಾಷರ್, ಬಲ್ಬು, ಚಿಲಕ ಇವು ಸಣ್ಣಪುಟ್ಟವು. ಮಾಡು, ಗೋಡೆ, ಗೋಡೆಯೊಳಗಿನ ವೈರಿಂಗ್, ಹೂತ ಪೈಪು ಅಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಇಲ್ಲಿ ಮುಖ್ಯ. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಎನ್ನುತ್ತದೆ ಅದು. ‘ಮಾಡಿಸಲೇಬೇಕಾದ’ ಎಂಬ ಮಾತನ್ನು ಬಿಟ್ಟು ಓದುವವರೇ ಎಡವುವುದು. ಆ ಹೊಣೆ ಮಾಲೀಕರ ಮೇಲಿದೆ ಎಂದು ಮೊದಲು ತೋರಿಸಬೇಕು. ಕರಾರಿನಲ್ಲಿ ಬರೆದಿದ್ದರೆ ಸಲೀಸು. ಬರೆದಿಲ್ಲದಿದ್ದರೂ ಕೈಚೆಲ್ಲಬೇಕಿಲ್ಲ, ಏಕೆಂದರೆ ಅದೇ ಸೆಕ್ಷನ್ ಕರಾರಿನ ಜೊತೆಗೆ ಊರಿನ ರೂಢಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಮಾಲೀಕರೇ ಆಳು ಕಳಿಸಿ ಹೆಂಚು ಕೈಯಾಡಿಸಿದ್ದರೆ ಅದರ ಮೆಸೇಜು, ಕೂಲಿ ಕೊಟ್ಟ ಲೆಕ್ಕ, ಅಕ್ಕಪಕ್ಕದವರ ಮಾತು ಎಲ್ಲವೂ ನಿಮಗೆ ಆಧಾರ.

ಇನ್ನೊಂದು ಮಾತು. ಇಂಟರ್‌ನೆಟ್ಟಿನಲ್ಲಿ ಸಿಗುವ ನೋಟಿಸ್ ನಮೂನೆಗಳಲ್ಲಿ 2021ರ ಮಾದರಿ ಬಾಡಿಗೆ ಕಾಯ್ದೆಯನ್ನು ಉಲ್ಲೇಖಿಸಿರುತ್ತಾರೆ. ಅದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ, ತಾನಾಗಿಯೇ ಜಾರಿಯಾಗುವ ಕಾನೂನಲ್ಲ. ಅದನ್ನು ಹಾಗೇ ನಕಲು ಮಾಡಿದರೆ ಎದುರಿನ ವಕೀಲರಿಗೆ ಮೊದಲ ಉತ್ತರ ನೀವೇ ಬರೆದುಕೊಟ್ಟಂತೆ.

ಹೆಜ್ಜೆ 2: ನೀರು ಎಲ್ಲಿಂದ ಬರುತ್ತಿದೆ, ಸಾಬೀತು ಮಾಡಿ

ತಕರಾರು ಗೆಲ್ಲುವುದೂ ಸೋಲುವುದೂ ಇಲ್ಲೇ. ‘ಗೋಡೆಯೆಲ್ಲ ಒದ್ದೆ’ ಎಂದು ಬಾಡಿಗೆದಾರರು, ‘ಒಳಗೆ ಒದ್ದೆ ಬಟ್ಟೆ ಒಣಗಿಸಿ ಕಿಟಕಿ ಮುಚ್ಚಿದರೆ ಇನ್ನೇನಾಗುತ್ತದೆ’ ಎಂದು ಮಾಲೀಕರು. ಮಳೆ ಜೋರಾಗಿರುವ ಕಕ್ಕಡದ ತಿಂಗಳಲ್ಲಿ (ಜುಲೈ-ಆಗಸ್ಟ್) ಇಬ್ಬರ ಮಾತೂ ನಿಜವಿರಬಹುದು. ಹಾಗಾಗಿ ಪರೀಕ್ಷೆ ಮಾಡಿ.

ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಒದ್ದೆ ಜಾಗದ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಹಾಳೆಯನ್ನು ಇಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಹಚ್ಚಿ. ಎರಡು ದಿನ ಬಿಡಿ. ಹನಿ ಹಾಳೆಯ ಹೊರಮೈಯಲ್ಲಿ, ಅಂದರೆ ಕೋಣೆಯ ಕಡೆ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ. ಬಟ್ಟೆ ಒಣಗಿಸುವ ಜಾಗ ಬದಲಿಸುವುದು, ಕಿಟಕಿ ತೆರೆಯುವುದು ನಿಮ್ಮ ಕೆಲಸ. ಹಾಳೆಗೂ ಗೋಡೆಗೂ ನಡುವೆ ಹನಿ ಕೂತಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಟೇಪು ಒಂದು ಮೂಲೆಯಲ್ಲಿ ಕಿತ್ತು ಬಂದರೂ ಫಲಿತಾಂಶ ನಂಬಬೇಡಿ, ಮತ್ತೆ ಮಾಡಿ.

ಮುಂದೆ ಕಲೆಯ ಜಾಗ ನೋಡಿ. ನೆಲದಿಂದ ಎರಡು ಮೂರು ಅಡಿಯವರೆಗೆ ಒಂದೇ ಸಮನಾಗಿ ಏರಿದ್ದರೆ ಅಡಿಪಾಯದ ತೇವ, ಇಲ್ಲವೇ ಹಿಂಬದಿಯ ಬರೆಯ (ಕಡಿದ ಗುಡ್ಡದ ಅಂಚಿನ) ಮಣ್ಣು ಗೋಡೆಗೆ ಒರಗಿದೆ. ಮೇಲಿನಿಂದ ನಾಲಿಗೆಯಂತೆ ಇಳಿದಿದ್ದರೆ ಮಾಡಿನದು. ಮಳೆಯಿಲ್ಲದ ದಿನವೂ ಒಂದೇ ಕಡೆ ಒದ್ದೆಯಿದ್ದರೆ ಪೈಪು. ನಲ್ಲಿಗಳನ್ನೆಲ್ಲ ಮುಚ್ಚಿ, ಮೀಟರಿದ್ದರೆ ಮುಳ್ಳು ತಿರುಗುತ್ತದೆಯೇ ನೋಡಿ. ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ನಾಲ್ಕು ದಿನಕ್ಕೊಮ್ಮೆ ಹೊಸ ಗೆರೆ. ‘ಹೆಚ್ಚಾಗುತ್ತಿದೆ’ ಎಂದು ಬಾಯಲ್ಲಿ ಹೇಳುವುದಕ್ಕಿಂತ ಮೂರು ಗೆರೆ ಮೇಲು.

ಹೆಂಚಿನ ಮಾಡಾದರೆ ಹನಿ ಬೀಳುವ ಜಾಗದ ನೇರ ಮೇಲಿನ ಹೆಂಚನ್ನು ಬದಲಿಸಿ ಸುಮ್ಮನಾಗುವವರು ಬಹಳ. ನೀರು ಒಡೆದ ಹೆಂಚಿನಿಂದ ಒಳಬಂದು ರೀಪಿನ (ಹೆಂಚು ಕೂರುವ ಅಡ್ಡಪಟ್ಟಿ) ಮೇಲೆ ಹರಿದು, ಪಕಾಸಿನ (ರೀಪು ಹೊರುವ ಇಳಿಜಾರು ಮರ) ಗುಂಟ ಇಳಿದು, ಎಲ್ಲೋ ಕೆಳಗೆ ತೊಟ್ಟಿಕ್ಕುತ್ತದೆ. ಅಟ್ಟಕ್ಕೆ ಟಾರ್ಚ್ ಹಿಡಿದು ಹೋಗಿ, ಮರದ ಮೇಲಿನ ಕಪ್ಪು ನೀರುಗೆರೆಯನ್ನು ಇಳಿಜಾರಿನ ಮೇಲುಗಡೆಗೆ ಹಿಂಬಾಲಿಸಿ. ಹಗಲಲ್ಲಿ ಟಾರ್ಚ್ ಆರಿಸಿದರೆ ಜಾರಿದ ಹೆಂಚಿನ ಸಂದಿಯಲ್ಲಿ ಬೆಳಕು ಕಾಣುತ್ತದೆ. ಬೆಳಕೇ ಇಲ್ಲದೆ ಸೋರುತ್ತಿದ್ದರೆ ಹೆಂಚಿನ ಕಾಲುವೆಯಲ್ಲಿ ಪಾಚಿ ಕಟ್ಟಿದೆ, ಅಥವಾ ಎರಡು ಮಾಡು ಕೂಡುವ ತಗಡಿನ ದೋಣಿಯಲ್ಲಿ ತರಗೆಲೆ ತುಂಬಿ ನೀರು ಹಿಂದಕ್ಕೆ ಉಕ್ಕುತ್ತಿದೆ. ಪಾಚಿ ಹಿಡಿದ ಒದ್ದೆ ಹೆಂಚಿನ ಮೇಲೆ ನೀವು ಹತ್ತಬೇಡಿ, ರೂಢಿಯಿರುವ ಆಳೇ ಹತ್ತಲಿ.

ಪಾತ್ರೆಯಿಟ್ಟು ಎಷ್ಟು ಗಂಟೆಗೆ ಎಷ್ಟು ಲೀಟರ್ ತುಂಬಿತು ಎಂದು ಬರೆದಿಡಿ. ಫೋಟೊಗಳಲ್ಲಿ ಒಂದು ದೂರದ್ದು, ಒಂದು ಹತ್ತಿರದ್ದು, ಒಂದು ಪಕ್ಕದಲ್ಲಿ ಅಳತೆ ಟೇಪು ಇಟ್ಟದ್ದು ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಫೋಟೊ ತೆಗೆದ ದಿನಾಂಕದ ವಿವರ ಉಳಿಯುವುದಿಲ್ಲ. ಹಾಗಾಗಿ ಫೋನಿನ ಮೂಲ ಫೋಟೊ ಅಳಿಸಬೇಡಿ. ಮುಂದೆ ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ ಪ್ರಮಾಣಪತ್ರವೂ ಬೇಕಾಗುತ್ತದೆ.

ಸ್ವಿಚ್ ಬೋರ್ಡ್ ಇರುವ ಗೋಡೆ ಒದ್ದೆಯಾದರೆ ಯಾವ ಪರೀಕ್ಷೆಯೂ ಬೇಡ. ಮೇನ್ ಆರಿಸಿ, ಅದೇ ದಿನ ಎಲೆಕ್ಟ್ರಿಷಿಯನ್ ಕರೆಸಿ, ಮಾಲೀಕರಿಗೆ ತಿಳಿಸಿ. ಹಿಂದಿನ ಬರೆಯಲ್ಲಿ ಬಿರುಕು ಕಂಡರೆ ಮನೆ ಬಿಟ್ಟು ಹೊರಬಂದು ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ.

ಹೆಜ್ಜೆ 3: ಕಾಗದದಲ್ಲಿ ಬರೆಯಿರಿ

ವಾಯ್ಸ್ ಮೆಸೇಜು ನೋಟಿಸ್ ಅಲ್ಲ ಎಂದುಕೊಂಡೇ ನಡೆಯಿರಿ. ಕನ್ನಡದಲ್ಲಿ ಒಂದು ಪುಟ ಸಾಕು, ವಕೀಲರ ಲೆಟರ್‌ಹೆಡ್ ಈಗಲೇ ಬೇಡ. ಅದು ಬಂದೊಡನೆ ಮಾಲೀಕರು ಮಾತು ನಿಲ್ಲಿಸುತ್ತಾರೆ. ಹೀಗೆ ಬರೆಯಬಹುದು:

‘ಮಾನ್ಯರೇ, ತಮ್ಮ ಮನೆಯ ಅಡುಗೆಕೋಣೆಯ ಮಾಡು ಜೂನ್ 20ರಿಂದ ಸೋರುತ್ತಿದೆ. ಸುಮಾರು 12 ಹೆಂಚು ಒಡೆದಿವೆ, ಎರಡು ರೀಪು ಕೊಳೆತಿವೆ. ಫೋಟೊ ಲಗತ್ತಿಸಿದ್ದೇನೆ. 3 ದಿನದೊಳಗೆ ಟಾರ್ಪಾಲು ಹೊದಿಸಿ, 30 ದಿನದೊಳಗೆ ಹೆಂಚು, ರೀಪು ಬದಲಿಸಿಕೊಡಬೇಕಾಗಿ ವಿನಂತಿ. ಮೇಸ್ತ್ರಿ ಬರುವ ದಿನ ತಿಳಿಸಿದರೆ ಮನೆ ತೆರೆದಿರುತ್ತೇನೆ. ತಪ್ಪಿದಲ್ಲಿ ನಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳುತ್ತೇನೆ.’

ಎರಡು ಗಡುವು ಬೇರೆಬೇರೆ ಕೊಟ್ಟಿರುವುದನ್ನು ಗಮನಿಸಿ. ಜಡಿಮಳೆಯಲ್ಲಿ ಹೆಂಚು ಬಿಚ್ಚಿ ಎಂದು ಕೇಳುವುದು ಸರಿಯಲ್ಲ. ಟಾರ್ಪಾಲಿಗೆ ಆ ನೆಪ ನಡೆಯುವುದಿಲ್ಲ. ಮಳೆ ಬಿಡುವಿಲ್ಲದಿದ್ದರೆ ಕಾಯಂ ಕೆಲಸವನ್ನು ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲಿನ ಒಂದು ತಾರೀಕಿಗೆ ಒಪ್ಪಿಕೊಳ್ಳಿ, ಆದರೆ ತಾರೀಕು ಬರೆಸಿಕೊಳ್ಳಿ.

ಸ್ವೀಕೃತಿ ಬರುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅದರಲ್ಲೇ ಸೇರಿಹೋಗಿದೆ. ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಕುಟುಂಬದ ಜಮೀನು) ಮನೆಯಾದರೆ ಪಹಣಿಯಲ್ಲಿ ಹಲವು ಹೆಸರಿರುತ್ತವೆ. ಪತ್ರ ಕರಾರಿಗೆ ಸಹಿ ಹಾಕಿದವರಿಗೆ ಹೋಗಲಿ, ಬಾಡಿಗೆ ಪಡೆಯುವವರು ಬೇರೆಯಾದರೆ ಅವರಿಗೂ ಒಂದು ಪ್ರತಿ ಕಳಿಸಿ. ತೋಟದ ರೈಟರ (ಗುಮಾಸ್ತರ) ಕೈಗೆ ಕೊಟ್ಟು ಮುಗಿಯಿತು ಎಂದುಕೊಳ್ಳಬೇಡಿ.

ಹೆಜ್ಜೆ 4: ಎರಡು ಅಂದಾಜು ಪಟ್ಟಿ

ಇಬ್ಬರು ಮೇಸ್ತ್ರಿಗಳಿಂದ ಹೆಂಚಿನ ಸಂಖ್ಯೆ, ರೀಪಿನ ಉದ್ದ, ಕೂಲಿ ಬೇರೆಬೇರೆಯಾಗಿ ಬರೆಸಿ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು. ಪಟ್ಟಿ ಅದಕ್ಕಿಂತ ಬಹಳ ಹೆಚ್ಚಿದ್ದರೆ ಕೇಳಿ. ಹಳೆ ಹೆಂಚಿನ ಜೊತೆ ಬೇರೆ ಕಾರ್ಖಾನೆಯ ಹೆಂಚು ಸರಿಯಾಗಿ ಕೂರದೇ ಇರಬಹುದು. ಮಾದರಿಗೆ ಒಂದು ಹಳೆ ಹೆಂಚು ಒಯ್ದು ಜೋಡಿಸಿ ನೋಡಿಯೇ ಕೊಳ್ಳಿ.

ಅಗ್ಗದ ದಾರಿಗಳಿಗೆ ಇಬ್ಬರೂ ಒಪ್ಪಬೇಡಿ. ಡಾಂಬರಿನ ಟೇಪು ಪಾಚಿ ಹಿಡಿದ ಒದ್ದೆ ಹೆಂಚಿಗೆ ಅಂಟುವುದಿಲ್ಲ. ಒದ್ದೆ ಗೋಡೆಯ ಒಳಮೈಗೆ ‘ತೇವನಿರೋಧಕ’ ಪೇಂಟು ಬಳಿದರೆ ಹಿಂದಿನ ನೀರು ಅದನ್ನು ಗುಳ್ಳೆಯೆಬ್ಬಿಸಿ ಕಿತ್ತುಹಾಕುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಕಲೆ ಮುಚ್ಚಿಹೋಗಿ ಸಾಕ್ಷ್ಯವೂ ಅಳಿಯುತ್ತದೆ.

ಹೆಜ್ಜೆ 5: ಒಪ್ಪಂದ, ಕೆಲಸ, ಕಡಿತ

ಮಾಲೀಕರು ಒಪ್ಪಿದರೆ ಅರ್ಧ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ರಿಪೇರಿ 12,000 ರೂಪಾಯಿ, ಬಾಡಿಗೆ 8,000 ಎಂದಿಟ್ಟುಕೊಳ್ಳಿ. ಒಂದೇ ಸಲ ಕಳೆಯುವುದಕ್ಕಿಂತ ಮೂರು ತಿಂಗಳು 4,000ದಂತೆ ಕಳೆಯುವುದು ಒಳ್ಳೆಯದು. ಪ್ರತಿ ತಿಂಗಳೂ ಬಾಡಿಗೆ ನಿಂತಿಲ್ಲ ಎಂದು ಬ್ಯಾಂಕ್ ಲೆಕ್ಕವೇ ಹೇಳುತ್ತದೆ. ಮೇಸ್ತ್ರಿಗೆ ಕೊನೆಯ ಐದನೇ ಒಂದು ಭಾಗವನ್ನು ಎರಡು ದೊಡ್ಡ ಮಳೆ ಕಳೆದ ಮೇಲೆ ಕೊಡಿ, ಇದನ್ನು ಮೊದಲೇ ಮಾತಾಡಿಕೊಳ್ಳಿ. ಒಡೆದ ಹೆಂಚು, ಕೊಳೆತ ರೀಪನ್ನು ಲೆಕ್ಕ ಮುಗಿಯುವವರೆಗೆ ಎಸೆಯಬೇಡಿ.

ಮಾಲೀಕರಿಗೂ ಹಕ್ಕಿದೆ. ತಕ್ಕ ಸಮಯದಲ್ಲಿ ಬಂದು ಮನೆ ನೋಡಬಹುದು. ಹಾನಿ ಬಾಡಿಗೆದಾರರಿಂದಲೇ ಆಗಿದ್ದರೆ, ತಿಳಿಸಿದ ಮೂರು ತಿಂಗಳೊಳಗೆ ಬಾಡಿಗೆದಾರರೇ ಸರಿಪಡಿಸಬೇಕು. ಸಹಜ ಸವೆತ ಅದರಲ್ಲಿ ಸೇರುವುದಿಲ್ಲ.

ಹೆಜ್ಜೆ 6: ಉತ್ತರವೇ ಬಾರದಿದ್ದರೆ

ಪೊಲೀಸ್ ಠಾಣೆಗೆ ಓಡಬೇಡಿ, ಇದು ಸಿವಿಲ್ ವಿಷಯ. ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಇಲ್ಲವೇ ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ಇತ್ಯರ್ಥ ಮಾಡಿಕೊಡಿ ಎಂದು ಕೇಳಬಹುದು. ಅವರು ಎದುರಿನವರನ್ನು ಕರೆಸುತ್ತಾರೆ. ರಾಜಿಯಾಗಿ ಹೊರಬಂದ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆಯಿದೆ, ಮೇಲ್ಮನವಿ ಇಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಕೇಳುವ ಹಕ್ಕಿದೆ. ಮಾಹಿತಿಗೆ 15100ಕ್ಕೆ ಕರೆ ಮಾಡಿ.

ಹೋಗುವಾಗ ಕರಾರು, ಪತ್ರದ ಪ್ರತಿ, ಸ್ವೀಕೃತಿ, ಗೆರೆ ಎಳೆದ ಗೋಡೆಯ ಫೋಟೊ, ಎರಡು ಅಂದಾಜು ಪಟ್ಟಿ, ಬಾಡಿಗೆ ಕಟ್ಟಿದ ಬ್ಯಾಂಕ್ ವಿವರ ಇಷ್ಟನ್ನೂ ತಾರೀಕಿನ ಕ್ರಮದಲ್ಲಿ ಒಂದೇ ಫೈಲಿಗೆ ಹಾಕಿ, ಎರಡು ಪ್ರತಿ ಒಯ್ಯಿರಿ. ಮಳೆಗಾಲವಾದ್ದರಿಂದ ಫೈಲಿನ ಮೇಲೊಂದು ಪ್ಲಾಸ್ಟಿಕ್ ಕವರ್ ಇರಲಿ.