ಸಿಒ ಅಟೈನ್‌ಮೆಂಟ್ ಮೂರಕ್ಕೆ ಮೂರು ಬಂತು, ಮುಂದೇನು?

ಬೆಂಗಳೂರಿನ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಸೆಮಿಸ್ಟರ್ ಕೊನೆಗೆ ಎಲ್ಲರೂ ತುಂಬುವ ಎಕ್ಸೆಲ್ ಹಾಳೆ ಹೆಚ್ಚುಕಮ್ಮಿ ಒಂದೇ ಥರದ್ದು: ಕೋರ್ಸ್ ಔಟ್‌ಕಮ್, ಅಂದರೆ ಸಿಒ (ವಿಷಯ ಮುಗಿದಾಗ ವಿದ್ಯಾರ್ಥಿಗೆ ಬರಬೇಕಾದದ್ದು), ಅದರ ಎದುರು ಅದು ಎಷ್ಟು ಸಾಧನೆಯಾಯಿತು ಎಂಬ ಅಟೈನ್‌ಮೆಂಟ್, ಮೂರಕ್ಕೆ 2.6, 2.8, 3. ಎನ್‌ಬಿಎ (ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ) ತಂಡಕ್ಕೆ ತೋರಿಸಲು ಇಷ್ಟು ಸಾಕು. ಪಾಠ ಎಲ್ಲಿ ಕೈಕೊಟ್ಟಿತು ಎಂದು ಆ ಹಾಳೆ ಹೇಳಬೇಕಾದರೆ ಮಾತ್ರ ಅರ್ಧ ಕೆಲಸ ಸೆಮಿಸ್ಟರ್ ಶುರುವಾಗುವ ಮೊದಲೇ ಆಗಿರಬೇಕು. ಸಿವಿಲ್ ವಿಭಾಗದ ನೀರು ಸರಬರಾಜು ವಿಷಯಕ್ಕೆ ನಾನು ಅನುಸರಿಸುವ ಕ್ರಮ ಇದು.

3 ಕ್ರೆಡಿಟ್, 5 ಮಾಡ್ಯೂಲ್, ಕಾಗದದ ಮೇಲೆ 40 ಗಂಟೆ. ಇಂಟರ್ನಲ್ಸ್, ಫೆಸ್ಟ್, ರಜೆ ಕಳೆದರೆ ಕೈಗೆ ಸಿಗುವುದು 34ರ ಆಸುಪಾಸು. ಲೆಸನ್ ಪ್ಲಾನ್ ಅನ್ನು 34ಕ್ಕೇ ಹಾಕುತ್ತೇನೆ. 40ಕ್ಕೆ ಹಾಕಿದವರ ಐದನೇ ಮಾಡ್ಯೂಲ್ ಕೊನೆಯ ವಾರದಲ್ಲಿ ಪಿಪಿಟಿಯಾಗಿ ಓಡಿಹೋಗುತ್ತದೆ, ಆ ಸಿಒ ಕೆಳಗೆ ಬಿದ್ದದ್ದಕ್ಕೆ ಮಕ್ಕಳನ್ನು ದೂರುವುದು ಉಳಿಯುತ್ತದೆ.

ಸಿಒ ವಾಕ್ಯ ಬರೆದ ದಿನವೇ ಅದನ್ನು ಅಳೆಯುವ ಪ್ರಶ್ನೆಯನ್ನೂ ಬರೆದಿಡಬೇಕು. ‘ಜನಸಂಖ್ಯೆ ಅಂದಾಜಿನ ವಿಧಾನಗಳನ್ನು ಅರ್ಥಮಾಡಿಕೊಳ್ಳುವರು’ ಎಂದು ಬರೆದರೆ ಯಾವ ಪ್ರಶ್ನೆ ಕೇಳಿದರೂ ನಡೆಯುತ್ತದೆ. ಏನನ್ನು ಅಳೆದೆವೆಂದು ಯಾರಿಗೂ ಗೊತ್ತಾಗುವುದಿಲ್ಲ. ‘ಜನಗಣತಿಯ ಅಂಕಿಗಳಿಂದ ಎರಡು ವಿಧಾನಗಳಲ್ಲಿ ಅಂದಾಜು ಮಾಡಿ, ಊರಿಗೆ ಹೊಂದುವುದನ್ನು ಕಾರಣ ಕೊಟ್ಟು ಆರಿಸುವರು’ ಎಂದಾಗ ಪ್ರಶ್ನೆ ತಾನಾಗಿ ಎರಡು ಭಾಗವಾಗುತ್ತದೆ: ಲೆಕ್ಕ ಒಂದು, ಆಯ್ಕೆ ಒಂದು. ಕಲಿಕೆಯ ಮಟ್ಟ ಹೇಳುವ ಬ್ಲೂಮ್ ಹಂತದ ಎಲ್3 (ಅನ್ವಯಿಸುವುದು), ಎಲ್5 (ತೂಗಿ ನೋಡುವುದು) ಆಮೇಲೆ ಹಾಕಿದರಾಯಿತು. ಸಿಒಗಳನ್ನು ಇಡೀ ಪದವಿಯ ಗುರಿಗಳಿಗೆ (ಪಿಒ) ಜೋಡಿಸುವ ಸಿಒ-ಪಿಒ ಮ್ಯಾಪಿಂಗ್‌ನಲ್ಲಿ ಎಲ್ಲ ಮನೆಗೂ 3 ತುಂಬುವ ಚಾಳಿ ಬಿಟ್ಟು, ಪ್ರಶ್ನೆಯನ್ನು ಎದುರಿಟ್ಟುಕೊಂಡು ತುಂಬಿದರೆ ಅರ್ಧದಷ್ಟು ಮನೆಗಳು ಖಾಲಿಯೇ ಉಳಿಯುತ್ತವೆ. ಉಳಿಯಲಿ.

ಅಸೈನ್‌ಮೆಂಟ್‌ಗೆ ನಮ್ಮ ಊರಿನದೇ ಲೆಕ್ಕ ಕೊಡುತ್ತೇನೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65.37 ಲಕ್ಷ, 2011ರಲ್ಲಿ 96.21 ಲಕ್ಷ. ಅಂಕಗಣಿತ ವಿಧಾನದಲ್ಲಿ (ಪ್ರತಿ ದಶಕ ಅಷ್ಟೇ ಜನ ಸೇರುತ್ತಾರೆಂದು ಹಿಡಿದರೆ) 2021ಕ್ಕೆ 127 ಲಕ್ಷ ಬರುತ್ತದೆ, ಜ್ಯಾಮಿತೀಯ ವಿಧಾನದಲ್ಲಿ (ಅದೇ ಶೇಕಡಾ ದರದಲ್ಲಿ ಬೆಳೆಯುತ್ತದೆಂದು ಹಿಡಿದರೆ) 141.6 ಲಕ್ಷ. ವ್ಯತ್ಯಾಸ ಸುಮಾರು 14.5 ಲಕ್ಷ ಜನ. ತಲಾ ದಿನಕ್ಕೆ 135 ಲೀಟರ್‌ನಂತೆ ಅದು 196 ಎಂಎಲ್‌ಡಿ (ದಿನಕ್ಕೆ ದಶಲಕ್ಷ ಲೀಟರ್) ನೀರು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಸಾಮರ್ಥ್ಯ 775 ಎಂಎಲ್‌ಡಿ. ಅದರ ಕಾಲುಭಾಗದಷ್ಟು ನೀರು ಬರೀ ವಿಧಾನದ ಆಯ್ಕೆಯಲ್ಲೇ ಆಚೀಚೆ ಆಗುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದ ಮೇಲೆ ‘ಯಾವ ವಿಧಾನ ಆದರೇನು ಸಾರ್’ ಎನ್ನುವವರು ಕಡಿಮೆ. (ಇನ್‌ಕ್ರಿಮೆಂಟಲ್ ಇನ್‌ಕ್ರೀಸ್ ವಿಧಾನಕ್ಕೆ ಕನಿಷ್ಠ ಮೂರು ಗಣತಿಯ ಅಂಕಿ ಬೇಕು. ಎರಡೇ ಕೊಟ್ಟು ಅದನ್ನೂ ಕೇಳಿದ ಪ್ರಶ್ನೆಪತ್ರಿಕೆಗಳನ್ನು ನೋಡಿದ್ದೇನೆ.)

ಕಾಪಿ ತಡೆಯಲು ತಲಾ ಬಳಕೆಯನ್ನು ಪ್ರತಿ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯಿಂದ (ಯುಎಸ್‌ಎನ್) ‘100 + ಯುಎಸ್‌ಎನ್‌ನ ಕೊನೆಯ ಎರಡು ಅಂಕಿ’ ಎಂದು ಇಡುತ್ತೇನೆ. ಲೆಕ್ಕ ಬೇರೆಬೇರೆ ಆಗುತ್ತದೆ, ಆದರೆ ಕಾರಣ ಬರೆಯುವ ಪ್ಯಾರಾ ಮಾತ್ರ ವಾಟ್ಸಾಪ್ ಗ್ರೂಪಿನಿಂದಲೋ ಚಾಟ್‌ಜಿಪಿಟಿಯಿಂದಲೋ ಬಂದಿರುತ್ತದೆ. ಅದಕ್ಕೆ ಮದ್ದು ಎರಡು ನಿಮಿಷದ ವೈವಾ. ಒಂದೇ ಪ್ರಶ್ನೆ: ‘ನಾಳೆ ಐಟಿ ಕಂಪನಿಗಳು ಬೇರೆ ಊರಿಗೆ ಹೋದರೆ ನಿನ್ನ ಆಯ್ಕೆ ಬದಲಾಗುತ್ತಾ?’ 60 ಜನರಿಗೆ ಎರಡು ಗಂಟೆ ಹಿಡಿಯುತ್ತದೆ; ಲ್ಯಾಬ್ ಬ್ಯಾಚುಗಳಲ್ಲಿ ಹಂಚಿಕೊಂಡರೆ ಭಾರವೆನಿಸುವುದಿಲ್ಲ.

ರೂಬ್ರಿಕ್‌ನಲ್ಲಿ (ಅಂಕ ಕೊಡುವ ಮಾನದಂಡದ ಪಟ್ಟಿ) ನಾಲ್ಕು ಸಾಲು ಸಾಕು: ದತ್ತಾಂಶ ಮತ್ತು ಊಹೆಗಳು, ಲೆಕ್ಕ, ಯೂನಿಟ್, ಸಮರ್ಥನೆ. ಎರಡು ಸೆಕ್ಷನ್‌ಗೆ ಇಬ್ಬರು ಮೇಷ್ಟ್ರಿದ್ದರೆ ಮೊದಲು ಅದೇ ಐದು ಪೇಪರ್‌ಗಳನ್ನು ಇಬ್ಬರೂ ಬೇರೆಬೇರೆಯಾಗಿ ತಿದ್ದಿ ಹೋಲಿಸಿ. 10ಕ್ಕೆ 2 ಅಂಕಕ್ಕಿಂತ ಹೆಚ್ಚು ಅಂತರ ಬಂದರೆ, ಅದು ಬಹುಪಾಲು ಸಮರ್ಥನೆಯ ಸಾಲಿನಲ್ಲೇ ಇರುತ್ತದೆ. ಆ ಸಾಲಿನ ಮಾತನ್ನು ಬಿಗಿ ಮಾಡಿದ ಮೇಲೆಯೇ ಉಳಿದದ್ದನ್ನು ತಿದ್ದುವುದು.

ಈಗ ಎಕ್ಸೆಲ್ ಹಾಳೆಗೆ ಬರೋಣ. ಅಂಕಗಳನ್ನು 1ಎ, 1ಬಿ ಎಂದು ಉಪಪ್ರಶ್ನೆವಾರು ನಮೂದಿಸಬೇಕು. ಉತ್ತರಿಸದೇ ಬಿಟ್ಟ ಆಯ್ಕೆಯ ಪ್ರಶ್ನೆಗೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಸೊನ್ನೆ ಹಾಕಿದರೆ ಇನ್ನೊಂದನ್ನು ಸರಿಯಾಗಿ ಬರೆದವನೂ ಫೇಲಾದಂತೆ ಕಾಣುತ್ತಾನೆ. ‘ಅಥವಾ’ದ ಎರಡೂ ಬದಿಗೆ ಒಂದೇ ಸಿಒ ಇರಬೇಕು. ಇಲ್ಲದಿದ್ದರೆ ಕೆಲವರಿಂದ ಒಂದು ಸಿಒಗೆ ಪುರಾವೆಯೇ ಸಿಗುವುದಿಲ್ಲ. ಗುರಿಯನ್ನು, ಉದಾಹರಣೆಗೆ 60% ಅಂಕ ಪಡೆದವರು ತರಗತಿಯಲ್ಲಿ 50% ಇದ್ದರೆ ಲೆವೆಲ್ 1, 60% ಇದ್ದರೆ 2, 70% ಇದ್ದರೆ 3 ಎಂಬುದನ್ನು ಪರೀಕ್ಷೆಗೆ ಮೊದಲೇ ಬರೆದು ಎಚ್‌ಒಡಿ ಸಹಿ ಹಾಕಿಸಿ. ಆಮೇಲೆ ಬರೆದರೆ ಗುರಿಯೇ ಅಂಕದ ಹಿಂದೆ ಓಡುತ್ತದೆ.

ಒಂದು ಮಾದರಿ ನೋಡಿ. 60 ಜನರಲ್ಲಿ ಸಿಒ2ರ ಒಟ್ಟು ಅಂಕದಲ್ಲಿ 44 ಮಂದಿ ಗುರಿ ದಾಟಿದರು: 73%, ಲೆವೆಲ್ 3. ಅದನ್ನೇ ಬಿಡಿಸಿದರೆ ಲೆಕ್ಕದ ಭಾಗದಲ್ಲಿ 55, ಸಮರ್ಥನೆಯಲ್ಲಿ 19. ಮೂರಕ್ಕೆ ಮೂರು ಬಂದ ಸಿಒ ಅರ್ಧ ಮಾತ್ರ ಕಲಿತದ್ದು. ಪ್ರಶ್ನೆಯ ತಪ್ಪೋ ಪಾಠದ ತಪ್ಪೋ ಎಂದು ನೋಡಲು ಒಟ್ಟು ಅಂಕದಲ್ಲಿ ಮೇಲಿರುವ 16 ಮತ್ತು ಕೆಳಗಿರುವ 16 ಜನರನ್ನು (ತಲಾ 27%) ತೆಗೆದುಕೊಳ್ಳಿ. ಮೇಲಿನವರಲ್ಲಿ 14, ಕೆಳಗಿನವರಲ್ಲಿ 6 ಸರಿ ಎಂದರೆ ವ್ಯತ್ಯಾಸ 8, ಅದನ್ನು 16ರಿಂದ ಭಾಗಿಸಿದರೆ 0.5: ಕಲಿತವರನ್ನೂ ಕಲಿಯದವರನ್ನೂ ಬೇರ್ಪಡಿಸುವ ಒಳ್ಳೆಯ ಪ್ರಶ್ನೆ. ಸೊನ್ನೆಯ ಹತ್ತಿರವೋ ಋಣವೋ ಬಂದರೆ ಮೊದಲು ಪ್ರಶ್ನೆಯ ಭಾಷೆಯನ್ನೂ ಅಂಕ ಹಂಚುವ ಸ್ಕೀಮನ್ನೂ ನೋಡಬೇಕು.

ಸಂಯೋಜಿತ ಕಾಲೇಜಿನಲ್ಲಿ ಒಂದು ತೊಡಕು ತಪ್ಪಿದ್ದಲ್ಲ. ವಿಶ್ವವಿದ್ಯಾಲಯ ನಡೆಸುವ ಸೆಮಿಸ್ಟರ್ ಪರೀಕ್ಷೆಯ ಅಂಕ ಒಟ್ಟಾಗಿ ಮಾತ್ರ ಕೈಗೆ ಬರುತ್ತದೆ, ಆ ಒಂದೇ ಸಂಖ್ಯೆಯನ್ನು ಎಲ್ಲ ಸಿಒಗಳಿಗೂ ಹಚ್ಚುತ್ತೇವೆ. ಹಾಗೆ ಬೆರೆಸಿದ ಮೇಲೆ ಸಿಒಗಳ ನಡುವಿನ ಏರುಪೇರು ಮಾಸಿಹೋಗುತ್ತದೆ. ಎನ್‌ಬಿಎ ಹಾಳೆಗೆ ಅದು ಇರಲಿ. ಪಾಠ ತಿದ್ದಲು ಇಂಟರ್ನಲ್ಸ್‌ನ ಹಾಳೆಯನ್ನೇ ಬೇರೆ ಇಟ್ಟು ನೋಡುತ್ತೇನೆ. ಕೋರ್ಸ್ ಮುಗಿದ ಮೇಲಿನ ಎಕ್ಸಿಟ್ ಸರ್ವೆಯಲ್ಲಿ ವಿದ್ಯಾರ್ಥಿಗಳು ಕಣ್ಣುಮುಚ್ಚಿ ಎಲ್ಲಕ್ಕೂ 4 ಒತ್ತಿರುತ್ತಾರೆ. ಅದಕ್ಕಿಂತ ಐದನೇ ವಾರದಲ್ಲಿ ಹೆಸರಿಲ್ಲದ ಚೀಟಿಯಲ್ಲಿ ‘ಇಲ್ಲಿಯವರೆಗೆ ತಿಳಿಯದ್ದು ಯಾವುದು?’ ಎಂದು ಕೇಳಿದರೆ ಇನ್ನೂ ಸರಿಪಡಿಸುವ ಕಾಲವಿರುತ್ತದೆ.

ಮುಂದಿನ ಸಲಕ್ಕೆ ಒಂದೋ ಎರಡೋ ಬದಲಾವಣೆ ಮಾತ್ರ. ಮೇಲಿನ ಮಾದರಿಯಲ್ಲಾದರೆ ಲೆಕ್ಕದಿಂದ ಒಂದು ಗಂಟೆ ತೆಗೆದು ಸಮರ್ಥನೆಯ ಚರ್ಚೆಗೆ ಕೊಡುವುದು, ಅದೇ ಮಟ್ಟದ ಪ್ರಶ್ನೆಯನ್ನು ಮತ್ತೆ ಕೇಳಿ 19 ಎಷ್ಟಾಯಿತು ಎಂದು ನೋಡುವುದು. ಕೋರ್ಸ್ ಫೈಲಿನ ಮೊದಲ ಪುಟದಲ್ಲಿ ಈ ಮೂರು ಸಾಲು ಇರಲಿ: ಏನು ಕಂಡಿತು, ಏನು ಬದಲಿಸಿದೆವು, ಯಾವ ಪ್ರಶ್ನೆಯಿಂದ ಮತ್ತೆ ಅಳೆಯಬೇಕು. ಮುಂದಿನ ಸೆಮಿಸ್ಟರಿಗೆ ಈ ವಿಷಯ ಬೇರೆ ಮೇಷ್ಟ್ರ ಪಾಲಿಗೆ ಹೋದರೂ ಅವರು ಮೊದಲಿಂದ ಶುರು ಮಾಡಬೇಕಿಲ್ಲ.