ಅಕ್ವೇರಿಯಂ ಮೇಲೆ ಲೈಟ್ ನೇತು ಹಾಕಿದ ನನ್ನ ಅನುಭವ

ನಮ್ಮ ಮನೆಯ ಟ್ಯಾಂಕ್ ಮೂರು ಅಡಿ ಉದ್ದದ್ದು. ಅದರಲ್ಲಿ ಮೀನಿಗಿಂತ ಗಿಡಗಳೇ ಜಾಸ್ತಿ. ಮೊದಲು ಲೈಟ್ ಗಾಜಿನ ಅಂಚಿನ ಮೇಲೇ ಕೂತಿರುತ್ತಿತ್ತು. ಗಿಡ ಕತ್ತರಿಸಬೇಕು ಅಂದರೆ ಅದನ್ನು ಎತ್ತಿ ಪಕ್ಕಕ್ಕಿಡಬೇಕು. ಎತ್ತಿದ ಮೇಲೆ ಒಳಗೆಲ್ಲ ಮಬ್ಬು, ಕತ್ತರಿ ಯಾವ ದಂಟಿಗೆ ತಾಗುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೇ ಲೈಟನ್ನು ಸೀಲಿಂಗಿನಿಂದ ಇಳಿಬಿಟ್ಟೆ. ಈಗ ಬೆಳಕಿರುವಾಗಲೇ ಎರಡೂ ಕೈ ನೀರಿಗಿಳಿಸಿ ಕೆಲಸ ಮಾಡಬಹುದು. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ನನ್ನ ಲೈಟಿಗೆ ಡಿಮ್ಮರ್ ಇಲ್ಲ. ತಂತಿ ಉದ್ದ ಮಾಡಿ, ಗಿಡ್ಡ ಮಾಡಿ ಬೆಳಕನ್ನು ನನಗೆ ಬೇಕಾದ ಹದಕ್ಕೆ ತರಬಹುದು.

ಜಾಗ ಗುರುತು ಮಾಡಲು ದಾರಕ್ಕೆ ಒಂದು ನಟ್ ಕಟ್ಟಿ ಸೀಲಿಂಗಿನಿಂದ ಇಳಿಬಿಟ್ಟೆ. ಟ್ಯಾಂಕಿನ ನಟ್ಟನಡುವಿಗಿಂತ ಒಂದಿಷ್ಟು ಮುಂದಕ್ಕೆ ಗುರುತು ಹಾಕಿದೆ. ಬೆಳಕು ಪೂರ್ತಿ ಹಿಂದಿನಿಂದ ಬಿದ್ದರೆ ನಮ್ಮ ಕಡೆಗಿರುವ ಮೀನಿನ ಮೈ ಕಪ್ಪಾಗಿ ಕಾಣುತ್ತದೆ. ಸ್ವಲ್ಪ ಮುಂದಿನಿಂದ ಬಿದ್ದರೆ ಬಣ್ಣ ಎದ್ದು ಬರುತ್ತದೆ. ಕೊರೆಯುವ ಮುಂಚೆ ನೋಡಬೇಕಾದ್ದು ವೈರಿಂಗ್ ಪೈಪು. ಛಾವಣಿಯೊಳಗೆ ಫ್ಯಾನ್ ಬಾಕ್ಸಿನಿಂದ ಸ್ವಿಚ್ ಬೋರ್ಡಿನ ಕಡೆಗೆ ಪೈಪು ಹಾದಿರುತ್ತದೆ. ಆ ಸಾಲಿನಲ್ಲಿ ಡ್ರಿಲ್ ಇಡಲೇಬೇಡಿ. ಮನೆಗೆ ವೈರಿಂಗ್ ಮಾಡಿದವರು ಸಿಕ್ಕರೆ ಕೇಳಿಬಿಡುವುದು ಒಳ್ಳೆಯದು.

ಗೋಡೆಗೆ ಫೋಟೋ ಹಾಕಲು ಬಳಸುವ ಪ್ಲಾಸ್ಟಿಕ್ ಪ್ಲಗ್ ಇಲ್ಲಿ ಬೇಡ. ಗೋಡೆಯಲ್ಲಿ ಭಾರ ಅಡ್ಡಕ್ಕೆ ಬೀಳುತ್ತದೆ, ಸೀಲಿಂಗಿನಲ್ಲಿ ಅದೇ ಭಾರ ಪ್ಲಗ್ಗನ್ನು ಹಗಲೂ ರಾತ್ರಿ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ನಾನು ಹಾಕಿದ್ದು ಕೊಕ್ಕೆ ಇರುವ ಕಬ್ಬಿಣದ ಆಂಕರ್ ಫಾಸ್ಟ್ನರ್. ತಿರುಗಿಸಿದ ಹಾಗೆಲ್ಲ ಅದು ಕಾಂಕ್ರೀಟಿನೊಳಗೆ ಅಗಲವಾಗಿ ಕಚ್ಚಿಕೊಳ್ಳುತ್ತದೆ. ಜಿಪ್ಸಂ ಫಾಲ್ಸ್ ಸೀಲಿಂಗ್ ಇದ್ದರೆ ಆ ಹಲಗೆ ಭಾರ ತಡೆಯುವುದಿಲ್ಲ. ಅದನ್ನು ದಾಟಿ ಮೇಲಿನ ಕಾಂಕ್ರೀಟಿಗೇ ಫಾಸ್ಟ್ನರ್ ಹೋಗಬೇಕು. ಕೊರೆಯುವಾಗ ಡ್ರಿಲ್ಲಿನ ಸದ್ದು ಬದಲಾಗಿ ಬಿಟ್ ಮುಂದಕ್ಕೆ ಹೋಗದೇ ನಿಂತರೆ ಕಂಬಿ ಸಿಕ್ಕಿದೆ ಅಂತ ಅರ್ಥ. ಒತ್ತಾಯ ಮಾಡದೆ ಎರಡು ಇಂಚು ಸರಿದು ಇನ್ನೊಂದು ತೂತು ಕೊರೆಯಿರಿ. ಸಿಮೆಂಟಿನ ಪುಡಿ ನೀರಿಗೆ ಬೀಳಬಾರದು, ಅದರಿಂದ ಪಿಎಚ್, ಅಂದರೆ ನೀರಿನ ಕ್ಷಾರದ ಮಟ್ಟ, ಏರುತ್ತದೆ. ಟ್ಯಾಂಕಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಜೊತೆಗೆ ಖಾಲಿ ಮೊಸರಿನ ಕಪ್ಪಿನ ತಳಕ್ಕೆ ತೂತು ಮಾಡಿ ಡ್ರಿಲ್ ಬಿಟ್ಟಿಗೆ ಸಿಕ್ಕಿಸಿಕೊಂಡೆ. ಪುಡಿಯೆಲ್ಲ ಕಪ್ಪಿನಲ್ಲೇ ಉಳಿಯಿತು.

ಲೈಟಿನ ತೂಕ ಮೂರು ಕೆಜಿ. ನೇರವಾಗಿ ಅದನ್ನೇ ನೇತು ಹಾಕಲು ಮನಸ್ಸು ಬರಲಿಲ್ಲ. ಒಂದೊಂದು ಕೊಕ್ಕೆಗೂ ಐದು ಲೀಟರಿನ ನೀರಿನ ಕ್ಯಾನ್ ತುಂಬಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕೊಕ್ಕೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಹೀಗೆ ಮಾಡಿದರೆ ಒಂದು ಕೊಕ್ಕೆ ಕೈಕೊಟ್ಟರೂ ಇನ್ನೊಂದು ಇಡೀ ಲೈಟನ್ನು ತಡೆಯುತ್ತದೆ ಅನ್ನುವ ಧೈರ್ಯ ಇರುತ್ತದೆ. ತಂತಿ ಸಣ್ಣ ಸ್ಟೇನ್‌ಲೆಸ್ ಸ್ಟೀಲಿನ ಹೆಣೆದ ತಂತಿ. ಅದಕ್ಕೆ ಗ್ರಿಪ್ಪರ್ ಹಾಕಿದೆ. ಗ್ರಿಪ್ಪರಿನ ತುದಿ ಒತ್ತಿದರೆ ತಂತಿ ಜಾರುತ್ತದೆ, ಬಿಟ್ಟರೆ ಹಿಡಿದುಕೊಳ್ಳುತ್ತದೆ.

ಫ್ಯಾನ್ ಗಾಳಿಗೆ ನೇತಾಡುವ ಲೈಟ್ ಆಡುತ್ತದೆ. ಆಡಿದರೆ ಟ್ಯಾಂಕಿನೊಳಗೆ ನೆರಳೂ ಆಡುತ್ತದೆ, ಮೀನು ಬೆಚ್ಚುತ್ತವೆ. ಲೈಟಿನ ಎರಡೂ ತುದಿಯಲ್ಲಿ ಒಂದರ ಬದಲು ಎರಡೆರಡು ತಂತಿ ಕಟ್ಟಿ, ಮೇಲೆ ಆಯಾ ತುದಿಯ ಕೊಕ್ಕೆಗೆ ಸೇರಿಸಿದ ನಂತರ ಅದು ಬಹುಮಟ್ಟಿಗೆ ನಿಂತಿತು.

ಈಗ ಎತ್ತರದ ವಿಷಯ. ಶುರುವಿನಲ್ಲಿ ನೀರಿನಿಂದ ಒಂದು ಅಡಿ ಮೇಲೆ ನಿಲ್ಲಿಸಿದೆ. ಅಲ್ಲಿಂದ ಮುಂದೆ ಗಿಡವೇ ಹೇಳುತ್ತದೆ. ನನ್ನ ಟ್ಯಾಂಕಿನಲ್ಲಿ ರೋಟಾಲಾ, ಅನುಬಿಯಾಸ್, ಕ್ರಿಪ್ಟೊಕೊರೈನ್ ಇವೆ. ರೋಟಾಲಾದ ದಂಟಿನಲ್ಲಿ ಒಂದು ಗೆಣ್ಣಿಗೂ ಇನ್ನೊಂದಕ್ಕೂ ದೂರ ಜಾಸ್ತಿಯಾಗಿ, ಗಿಡ ಸುಮ್ನೆ ಉದ್ದುದ್ದ ಬೆಳೆಯುತ್ತಿದ್ದರೆ ಬೆಳಕು ಸಾಲುತ್ತಿಲ್ಲ. ಗೆಣ್ಣುಗಳು ಒತ್ತೊತ್ತಾಗಿ, ಕುಡಿ ಕೆಂಪಿಗೆ ತಿರುಗಿದರೆ ಹದ ಸರಿಯಿದೆ. ಅನುಬಿಯಾಸ್ ತೀರ ನಿಧಾನಕ್ಕೆ ಬೆಳೆಯುವ ಗಿಡ, ಅದರ ಹಳೆಯ ಎಲೆಯ ಮೇಲೆ ಪಾಚಿಯ ಗಟ್ಟಿಯಾದ ಹಸಿರು ಚುಕ್ಕೆ ಕೂತರೆ ನಾನು ಲೈಟನ್ನು ಎರಡು ಇಂಚು ಮೇಲೆತ್ತುತ್ತೇನೆ. ಫಾಸ್ಫೇಟ್ ಕಡಿಮೆಯಾದರೂ ಅದೇ ಚುಕ್ಕೆ ಬರುತ್ತದೆ, ಆದ್ದರಿಂದ ಗೊಬ್ಬರವನ್ನೂ ಒಮ್ಮೆ ನೋಡಿಕೊಳ್ಳಿ. ಒಂದು ಸಲ ಎತ್ತರ ಬದಲಿಸಿದರೆ ಎರಡು ವಾರ ಕೈ ಹಚ್ಚಬೇಡಿ. ಗಿಡ ಉತ್ತರ ಕೊಡಲು ಅಷ್ಟು ಸಮಯ ಬೇಕು. ಟೈಮರ್ ಹಾಕಿ ದಿನಕ್ಕೆ ಏಳು ಗಂಟೆ ಉರಿಸುತ್ತೇನೆ.

ಕರೆಂಟಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ನೀರಿನ ಮೇಲೆ ಬರುವುದು 24 ವೋಲ್ಟ್ ಮಾತ್ರ. 230 ವೋಲ್ಟ್ ತಗಲುವ ಅಡಾಪ್ಟರ್ ಟ್ಯಾಂಕಿನಿಂದ ದೂರ, ಗೋಡೆಯ ಮೇಲಿದೆ. ಪ್ಲಗ್ಗಿಗೆ ಹೋಗುವ ವೈರ್ ಮೊದಲು ಪ್ಲಗ್ಗಿಗಿಂತ ಕೆಳಗಿಳಿದು ಆಮೇಲೆ ಮೇಲೇರುತ್ತದೆ. ವೈರ್ ಹಿಡಿದು ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಮುಟ್ಟುವುದಿಲ್ಲ. ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಇದೆ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್. ಫಿಲ್ಟರ್, ಹೀಟರ್ ಆಫ್ ಮಾಡದೆ ಕೈ ನೀರಿಗೆ ಹಾಕುವುದಿಲ್ಲ.

ಮುಚ್ಚಳ ಇಲ್ಲದ ಮೇಲೆ ನೀರು ಬೇಗ ಆರುತ್ತದೆ, ಬೇಸಿಗೆಯಲ್ಲಂತೂ ವಾರದಲ್ಲಿ ಮಟ್ಟ ಇಳಿದದ್ದು ಕಣ್ಣಿಗೇ ಕಾಣುತ್ತದೆ. ಹಾರುವ ಮೀನಿದ್ದರೆ ನೀರನ್ನು ಅಂಚಿನಿಂದ ಮೂರು ಇಂಚು ಕೆಳಗೇ ಇಡಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಸಾಲುಸಾಲಾಗಿ ಲೈಟಿಗೆ ಬಂದು ನೀರಿಗೆ ಬೀಳುತ್ತವೆ. ಮೀನಿಗೆ ಹಬ್ಬ. ಆದರೆ ರೆಕ್ಕೆಗಳು ಫಿಲ್ಟರಿನ ಬಾಯಿಗೆ ಕಟ್ಟಿಕೊಳ್ಳುತ್ತವೆ, ಆ ಸಂಜೆ ಕಿಟಕಿ ಹಾಕಿ ಲೈಟ್ ಬೇಗ ಆರಿಸುತ್ತೇನೆ.

ಬಾಡಿಗೆ ಮನೆಯಲ್ಲಿ ಸೀಲಿಂಗ್ ಕೊರೆಯಲು ಓನರ್ ಒಪ್ಪದಿದ್ದರೆ ಸ್ಟ್ಯಾಂಡಿನ ಹಿಂಭಾಗಕ್ಕೆ ಎರಡು ಜಿಐ ಪೈಪು ಬಿಗಿದು, ಮೇಲೆ ಮುಂದಕ್ಕೆ ಬಾಗಿಸಿ, ಅದರಿಂದ ಲೈಟ್ ಇಳಿಬಿಡಬಹುದು. ಪೈಪನ್ನು ಸ್ಟ್ಯಾಂಡಿಗೆ ಮೇಲೊಂದು ಕೆಳಗೊಂದು ಕ್ಲಾಂಪ್ ಹಾಕಿ ಬಿಗಿಯಿರಿ. ಒಂದೇ ಕ್ಲಾಂಪ್ ಇದ್ದರೆ ಲೈಟಿನ ಭಾರಕ್ಕೆ ಪೈಪು ನಿಧಾನವಾಗಿ ಮುಂದಕ್ಕೆ ವಾಲುತ್ತದೆ.